ಕುಂಬಾರ ಹೋಶಾಯನ ಕೊರಳು

ಗಲಿಲಾಯದ ಬೆಟ್ಟಸಾಲಿನಲ್ಲಿ ಕಫರ್ ದಾನೂನ್ ಎಂಬುದು ಕುಂಬಾರರ ಊರು. ಸುತ್ತಿನ ಹಳ್ಳಿಗಳಲ್ಲಿ ಅಲ್ಲಿಯ ಹೋಶಾಯನ ಮಡಕೆಗಿಂತ ಅವನ ಕೊರಳಿಗೇ ಹೆಚ್ಚು ಹೆಸರು. ಹಾಗೆಂದು ಮಡಕೆ ಕಳಪೆಯೇನಲ್ಲ. ಅವನು ಮಾಡಿದ ಗಂಜಿಮಡಕೆ ಹತ್ತು ವರ್ಷ ಒಲೆಯ ಮೇಲೆ ಕೂತರೂ ಬಿರಿಯುತ್ತಿರಲಿಲ್ಲ. ಆದರೆ ಯೆಹೂದ್ಯರ ಸಭಾಮಂದಿರದಲ್ಲಿ ಅವನು ಎದ್ದು ನಿಂತು ದಿನದ ಪ್ರಾರ್ಥನೆಯ ಹದಿನೆಂಟು ಸ್ತುತಿಗಳನ್ನು ಹೇಳತೊಡಗಿದರೆ, ಹೊರಗೆ ಆಲಿವ್ ಮರದ ಬುಡದಲ್ಲಿ ಹರಟುತ್ತಿದ್ದ ಪೋಲಿಗಳೂ ಬಾಯಿ ಮುಚ್ಚುತ್ತಿದ್ದರು.

ಹೆಂಡತಿ ಶಿಫ್ರಾಳದು ಮಾತ್ರ ಒಂದೇ ದೂರು. "ದೇವರ ಹತ್ರ ಅಷ್ಟು ಇಂಪಾಗಿ ಮಾತಾಡ್ತೀಯ. ನನ್ನ ಹತ್ರ ಬಂದ್ರೆ ಒಡಕು ಮಡಕೆ ಸದ್ದು."

"ದೇವರು ಮಧ್ಯೆ ಬಾಯಿ ಹಾಕಲ್ಲ ಕಣೆ," ಎನ್ನುತ್ತಿದ್ದ ಹೋಶಾಯ.

ಅವನ ಮನೆಯವರು ನಜರೇತಿನ ಯೇಶುವೇ ದೇವರು ಕಳಿಸಿದ ಅಭಿಷಿಕ್ತನೆಂದು ನಂಬಿದವರು. ಅದು ಊರಿಗೆ ಗೊತ್ತಿಲ್ಲದ ಗುಟ್ಟಾಗಿರಲಿಲ್ಲ. ಅವರೂ ಶನಿವಾರ ಕೆಲಸ ಬಿಟ್ಟು ಸಬ್ಬತ್ ಹಿಡಿಯುವವರೇ, ಹಂದಿ ಮುಟ್ಟದವರೇ, ಗಂಡುಕೂಸಿಗೆ ಎಂಟನೆಯ ದಿನ ಸುನ್ನತಿ ಮಾಡಿಸುವವರೇ. ಬರಬೇಕಾದವನು ಒಮ್ಮೆ ಬಂದು ಹೋಗಿದ್ದಾನೆ, ಮತ್ತೆ ಬರುತ್ತಾನೆ ಎಂಬ ಆ ಒಂದು ಮಾತು ಬಿಟ್ಟರೆ ಉಳಿದ ಯೆಹೂದ್ಯರಿಗೂ ಅವರಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಶಿಫ್ರಾಳ ತಮ್ಮ ಹಲಫ್ತಾ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಬಣ್ಣಗಾರ. ಹೋಶಾಯನಿಗೆ ಭಾವಮೈದನಾಗುವುದಕ್ಕೆ ಮೊದಲೇ ಗೆಳೆಯ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಹಳ್ಳದಲ್ಲಿ ಮಣ್ಣು ತಂದವರು, ಒಂದೇ ಅಂಜೂರದ ಮರದಿಂದ ಬಿದ್ದವರು. ನೀಲಿ ಹತ್ತಿದ ಕೈಗಳನ್ನು ಒರೆಸಿಕೊಳ್ಳುತ್ತ ಅವನು ದಿನಾ ಹೋಶಾಯ ಮಡಕೆ ಸುಡುವ ಆವಿಗೆಯ ಹತ್ತಿರ ಬಂದು ಕೂರುತ್ತಿದ್ದ.

"ಬಂದ್ನೇನೋ ಭಾವ, ನಿಮ್ಮ ಅಭಿಷಿಕ್ತ?"

"ದಾರೀಲಿದಾನೆ."

"ಅವನು ಏರಿ ಬರೋ ಕತ್ತೆ ಕುಂಟ್ತಿರ್ಬೇಕು ಪಾಪ."

"ನಮ್ಮವನು ದಾರೀಲಾದ್ರೂ ಇದಾನೆ. ನಿಮ್ಮವನು ಇನ್ನೂ ಮನೇಲಿ ಚಪ್ಪಲಿ ಹುಡುಕ್ತಿದಾನೆ."

ಇಬ್ಬರೂ ನಗುತ್ತಿದ್ದರು. ಶಿಫ್ರಾ ಇಬ್ಬರಿಗೂ ಒಂದೇ ಬಟ್ಟಲಿನಲ್ಲಿ ಒಣ ಅಂಜೂರ ತಂದಿಡುತ್ತಿದ್ದಳು.

ಹೋಶಾಯನಿಗೆ ಈ ನಂಬಿಕೆ ಬಂದದ್ದು ತಾಯಿ ಹುಲ್ದಾಳಿಂದ. ಸಾಯುವವರೆಗೂ ಅವಳು ಒಂದೇ ಕತೆಯನ್ನು ಹೇಳುತ್ತಿದ್ದಳು. ಗುರು ಯೇಶುವನ್ನು ರೋಮಿನವರು ಶಿಲುಬೆಗೆ ಹಾಕಿದ ವರ್ಷ ಅವಳಿಗೆ ಹತ್ತು ತುಂಬಿತ್ತು. ಅವಳಪ್ಪ ಇದೇ ಊರಿನ ಸಭಾಮಂದಿರ ನೋಡಿಕೊಳ್ಳುತ್ತಿದ್ದವನು. ಒಂದು ಬೆಳಿಗ್ಗೆ ಇಬ್ಬರು ಅಪರಿಚಿತರು ಓಡಿ ಬಂದರು. ಗುರುವಿನ ಜೊತೆ ತಿರುಗಾಡಿದವರು, ಹಿಂದೆ ಸೈನಿಕರಿದ್ದರು. ಅಪ್ಪ ಒಂದು ಮಾತೂ ಕೇಳದೆ ಅವರನ್ನು ಸಭಾಮಂದಿರದ ಒಳಕೋಣೆಗೆ ತಳ್ಳಿ ಬೀಗ ಹಾಕಿದ. ಮೂರು ದಿನ ಊರಿನ ಹೆಂಗಸರು ಮಡಕೆಯ ತಳದಲ್ಲಿ ರೊಟ್ಟಿ ಬಚ್ಚಿಟ್ಟು ಮೇಲೆ ಬೂದಿ ತುಂಬಿ ಒಯ್ದರು. ಸೈನಿಕರು ಊರ ಹಿರಿಯರನ್ನು ಬಿಸಿಲಿನಲ್ಲಿ ನಿಲ್ಲಿಸಿ ಹೊಡೆದರು. ಗುರುವನ್ನು ನಂಬಿದವರು ಆ ಊರಲ್ಲಿ ಆಗ ಒಬ್ಬರೂ ಇರಲಿಲ್ಲ. ಆದರೂ ಯಾರೂ ಬಾಯಿ ಬಿಡಲಿಲ್ಲ.

"ಮನೆಗೆ ಬಂದವರನ್ನ ಹಿಡ್ಕೊಡೋ ಊರಲ್ಲಪ್ಪ ಇದು," ಎಂದು ಹುಲ್ದಾ ಕತೆ ಮುಗಿಸುತ್ತಿದ್ದಳು.

ಯೆರೂಸಲೇಮಿನ ದೇವಾಲಯ ಸುಟ್ಟುಹೋದಾಗ ಹೋಶಾಯನಿಗೆ ಹನ್ನೆರಡು ವರ್ಷ. ಅವನು ಮೂವತ್ತು ದಾಟುವ ಹೊತ್ತಿಗೆ ಕಾಲ ಬೇರೆಯಾಗಿತ್ತು. ಬಲಿಯಿಲ್ಲ, ಯಾಜಕರಿಲ್ಲ. ಉಳಿದದ್ದು ಧರ್ಮಗ್ರಂಥ ಮತ್ತು ಪ್ರಾರ್ಥನೆ. ಚದುರಿದ ಜನವನ್ನು ಹೇಗಾದರೂ ಒಂದಾಗಿ ಹಿಡಿಯಬೇಕೆಂದು ಪಂಡಿತರು ಹಗಲೂ ಇರುಳೂ ಹೆಣಗುತ್ತಿದ್ದರು. ಬಿದ್ದ ಮನೆಯನ್ನು ಮತ್ತೆ ಕಟ್ಟುವವರಿಗೆ ಸಣ್ಣ ಬಿರುಕು ಕಂಡರೂ ಎದೆ ನಡುಗುತ್ತದೆ. ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಪ್ರಶ್ನೆ ಊರಿಂದೂರಿಗೆ ನಡೆದು ಬಂತು.

ಆ ಹೊತ್ತಿಗೆ ಹಲಫ್ತಾ ಸಭಾಮಂದಿರದ ಮುಖ್ಯಸ್ಥನಾಗಿದ್ದ. ಮಗಳಿಗೆ ಸಿಪ್ಪೋರಿ ಪಟ್ಟಣದ ದೊಡ್ಡ ಮನೆಯ ಸಂಬಂಧ ಕೂಡಿಬಂದಿತ್ತು. ಹುಡುಗ ಪಂಡಿತರ ಬಳಿ ಕಲಿಯುತ್ತಿದ್ದ. ಬೀಗರಾಗುವವರು ಹೆಣ್ಣಿನ ಗುಣ ಕೇಳಿದರು, ಮನೆತನ ಕೇಳಿದರು, ಕೊನೆಗೆ "ನಿಮ್ಮ ಅಕ್ಕನ ಗಂಡ ಯಾವ ಪಂಗಡದವನು?" ಎಂದೂ ಕೇಳಿದರು.

ಹೋಶಾಯ ಮಡಕೆ ಹೇರಿಕೊಂಡು ಕರಾವಳಿಯ ಅಕ್ಕೋ ಪಟ್ಟಣಕ್ಕೆ ಹೋಗಿ ಎರಡು ವಾರ ಬಿಟ್ಟು ಬಂದಿದ್ದ. ಒಂದು ಬುಧವಾರ ಹಲಫ್ತಾ ಎಂದಿನಂತೆ ಆವಿಗೆಯ ಹತ್ತಿರ ಬಂದ. ಕೂರಲಿಲ್ಲ.

"ನಾಳೆ ಸ್ತುತಿ ನೀನೇ ಹೇಳ್ಬೇಕು ಭಾವ. ಸಿಪ್ಪೋರಿ ಬೀಗರು ಬರ್ತಿದಾರೆ. ನಿನ್ನ ಕೊರಳು ಕೇಳ್ಲಿ."

"ನನ್ನ ಕೊರಳು ಕೇಳಿ ಹುಡುಗೀನ ಬೇಡ ಅಂದ್ಬಿಟ್ರೆ?"

ಹಲಫ್ತಾ ನಗಲಿಲ್ಲ. "ಹೊಸ ಅಂಗಿ ಹಾಕ್ಕೊಂಡ್ಬಾ," ಎಂದಷ್ಟೇ ಹೇಳಿ ಹೊರಟ. ಮದುವೆಯ ಗಡಿಬಿಡಿ ಇರಬೇಕೆಂದುಕೊಂಡ ಹೋಶಾಯ.

ಮರುದಿನ ಗುರುವಾರ, ಊರು ಸೇರಿ ಧರ್ಮಗ್ರಂಥ ಓದುವ ದಿನ. ಸಭಾಮಂದಿರ ತುಂಬಿತ್ತು. ಮುಂದಿನ ಕಲ್ಲುಬೆಂಚಿನ ಮೇಲೆ ಸಿಪ್ಪೋರಿಯವರು ಮೂವರು. ಹೋಶಾಯ ಎದ್ದು ನಿಂತು ಒಂದೊಂದೇ ಸ್ತುತಿಯನ್ನು ಹೇಳುತ್ತ ಹೋದ. ಪ್ರತಿಯೊಂದಕ್ಕೂ ಜನ ಒಂದೇ ಬಾಯಲ್ಲಿ "ಆಮೆನ್" ಎಂದರು. ಹನ್ನೆರಡನೆಯದನ್ನು ಮುಗಿಸಿದಾಗ ಮಾತ್ರ ಯಾರೂ ಆಮೆನ್ ಎನ್ನಲಿಲ್ಲ.

"ಅಲ್ಲೊಂದು ಹೊಸ ಸಾಲು ಸೇರಿದೆ," ಎಂದಿತು ಒಂದು ದನಿ. ಹಲಫ್ತಾನ ದನಿ. "ನೀನು ಊರಲ್ಲಿ ಇರ್ಲಿಲ್ಲ. ನಾನು ಹೇಳ್ತೀನಿ, ನನ್ನ ಹಿಂದೆ ಹೇಳು."

ಅವನು ಸಾಲು ಹೇಳಿದ. ದಾರಿ ಬಿಟ್ಟ ಪಂಗಡದವರು, ನಜರೇತಿನವನ ಹಿಂದೆ ಹೋದವರು, ಕ್ಷಣದಲ್ಲಿ ಅಳಿದುಹೋಗಲಿ, ಬದುಕುವವರ ಪಟ್ಟಿಯಲ್ಲಿ ಅವರ ಹೆಸರಿಲ್ಲದಿರಲಿ ಎಂಬುದು ಅದರ ಅರ್ಥ.

ಹೋಶಾಯ ಬಾಯಿ ತೆರೆದ. ಬೆಟ್ಟದ ಕೆಳಗಿನ ಸಮಾಧಿಗುಹೆಯಲ್ಲಿ ಮಲಗಿರುವ ತಾಯಿ ನೆನಪಾದಳು. ತನ್ನ ನಾಲಗೆಯಿಂದಲೇ ಅವಳ ಹೆಸರನ್ನು ಅಳಿಸಬೇಕು! ಅವನು ಹಲಫ್ತಾನ ಮುಖ ನೋಡಿದ. ಹಲಫ್ತಾ ನೆಲ ನೋಡುತ್ತಿದ್ದ. ಆಗ ಹೋಶಾಯನಿಗೆ ಅರ್ಥವಾಯಿತು: ಹಾಡಲೆಂದು ಅವನನ್ನು ಕರೆಸಿರಲಿಲ್ಲ. ಹಾಡಲಾರದೆ ನಿಲ್ಲುವುದನ್ನು ಬೀಗರಿಗೆ ತೋರಿಸಲೆಂದು ಕರೆಸಿದ್ದರು. ಅಕ್ಕನ ಗಂಡನನ್ನೇ ಹೊರಗೆ ಹಾಕಿದ ಮನೆಯ ಮೇಲೆ ಅವರಿಗೆ ಅನುಮಾನ ಉಳಿಯುವುದಿಲ್ಲ.

ಅವನು ಆ ಸಾಲು ಹೇಳದೆ ಕೆಳಗಿಳಿದು ಬಾಗಿಲ ಕಡೆ ನಡೆದ. ದಾರಿ ಬಿಡುವವರು ಅಂಗಿ ತಾಗದಂತೆ ಮುದುಡಿಕೊಂಡರು. ಹಿಂದೆ ಯಾರೋ ಮುದುಕ ನಡುಗುವ ದನಿಯಲ್ಲಿ ಆ ಸಾಲನ್ನು ಹೇಳಿ ಮುಗಿಸಿದ. ಊರು ಆಮೆನ್ ಎಂದಿತು.

ಮರುದಿನ ಬೆಳಿಗ್ಗೆ ಶಿಫ್ರಾ ತಮ್ಮನ ಬಣ್ಣದ ತೊಟ್ಟಿಯ ಮುಂದೆ ಹೋಗಿ ನಿಂತಳು. ಹೋಶಾಯನೂ ಹಿಂದೆಯೇ ಹೋದ, ಅವಳು ಜಗಳಕ್ಕೆ ನಿಂತರೆ ಎಳೆದು ತರಲು.

"ನಿಂಗೆ ಮೊದಲೇ ಗೊತ್ತಿತ್ತೇನೋ?"

"ಒಂದು ಸಾಲು ಅಕ್ಕಾ. ಹೇಳ್ಬಿಟ್ಟಿದ್ರೆ ಮುಗೀತಿತ್ತು. ಒಳಗೊಳಗೆ ಏನಾದ್ರೂ ನಂಬ್ಕೊಳ್ಲಿ."

"ನೀನು ಬುಧವಾರನೇ ಹೇಳಿದ್ರೆ ಮೈ ಹುಷಾರಿಲ್ಲ ಅಂತ ಮನೇಲಿರ್ತಿದ್ದ."

ಹಲಫ್ತಾ ಬಟ್ಟೆಯನ್ನು ತೊಟ್ಟಿಯಲ್ಲಿ ಅದ್ದಿ ತೆಗೆದ, ಮತ್ತೆ ಅದ್ದಿದ. "ಅದಕ್ಕೇ ಹೇಳ್ಲಿಲ್ಲ," ಎಂದ.

ಶಿಫ್ರಾ ಕೈಯೆತ್ತಿದಳು, ಹೊಡೆಯಲಿಲ್ಲ. "ನಿನ್ನ ಮಗಳು ಚೆನ್ನಾಗಿರ್ಲಿ," ಎಂದಳು. ಶಾಪ ಹಾಕಿದ್ದರೆ ಹಲಫ್ತಾನಿಗೆ ಅಷ್ಟು ನೋಯುತ್ತಿರಲಿಲ್ಲವೇನೋ.

ಅಲ್ಲಿಂದ ಮುಂದೆ ಊರು ಅವರನ್ನು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ನೆರೆಮನೆಯಿಂದ ಕೆಂಡ ಸಿಗುವುದು ನಿಂತಿತು. ಪ್ರಾರ್ಥನೆಗೆ ಹತ್ತು ಜನ ಬೇಕಾದಾಗ ಒಂಬತ್ತಿದ್ದರೂ ಇವನನ್ನು ಕರೆಯಲಿಲ್ಲ. ಹೋಶಾಯ ತಿಗರಿಯ ಚಕ್ರದ ಮುಂದೆ ಕೂತರೆ ಮಣ್ಣು ಎದ್ದು ನಿಲ್ಲುತ್ತಿರಲಿಲ್ಲ. ಮೂರು ತಿಂಗಳು ಹೀಗೆ ನಡೆದ ಮೇಲೆ ಗಂಡಹೆಂಡಿರು ಕತ್ತೆಯ ಮೇಲೆ ಸಾಮಾನು ಹೇರಿ ಅಕ್ಕೋ ಪಟ್ಟಣಕ್ಕೆ ಇಳಿದರು.

ಅಕ್ಕೋದಲ್ಲಿ ಯೇಶುವಿನ ಅನುಯಾಯಿಗಳು ಹಗ್ಗ ಹೊಸೆಯುವ ಒಬ್ಬನ ಮನೆಯಲ್ಲಿ ವಾರದ ಮೊದಲ ದಿನ ನಸುಕಿನಲ್ಲಿ ಸೇರುತ್ತಿದ್ದರು. ಹೆಚ್ಚಿನವರು ಗ್ರೀಕರು, ಸಿರಿಯಾದವರು. ಯೆಹೂದ್ಯರು ಬೆರಳೆಣಿಕೆಯಷ್ಟು. ಹೋಶಾಯ ಮೊದಲ ದಿನ ಹೀಬ್ರೂ ಕೀರ್ತನೆಯೊಂದನ್ನು ಹಾಡಿದಾಗ ಅರ್ಥ ತಿಳಿಯದವರೂ ಕಣ್ಣೊರೆಸಿಕೊಂಡರು. "ಸಹೋದರ" ಎಂದು ತಬ್ಬಿಕೊಂಡರು. ಅವನಿಗೆ ಅಳು ಬಂತು.

ಅಲ್ಲಿ ಸಿಕ್ಕವನು ಹೆರ್ಮಿಯಾಸ್. ಚಾವಡಿಯ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುವ ಗ್ರೀಕ. ತುಂಬ ಮಾತುಗಾರ. ಹೋಶಾಯನಿಗೆ ಬಂದರಿನ ಬಳಿ ಆವಿಗೆ ಹಾಕಲು ಜಾಗ ಹುಡುಕಿಕೊಟ್ಟವನು ಅವನೇ. ವಾರಕ್ಕೆ ಮೂರು ಸಲ ಶಿಫ್ರಾಳ ಕೈಯ ಬೇಳೆಗಂಜಿಗೆ ಬರುತ್ತಿದ್ದ. ಇವರ ಮನೆಮಾತು ಅರಮಾಯಿಕನ್ನು ಅವನು ಆಡುವುದು ಕೇಳಿದರೆ ಶಿಫ್ರಾಳಿಗೆ ನಗು.

"ಅಕ್ಕ, ಗಂಜಿ ತುಂಬ ಸುಂದರಳು."

"ಮದುವೆ ಆಗ್ಬಿಡು ಹಾಗಾದ್ರೆ."

ಸಭೆಯಲ್ಲಿ ಕೆಲವರು ಗೊಣಗಿದ್ದುಂಟು: ಇವನು ಇನ್ನೂ ಸಬ್ಬತ್ ಹಿಡಿಯುತ್ತಾನೆ, ನಮ್ಮ ಮಾಂಸ ಮುಟ್ಟುವುದಿಲ್ಲ. ಹೆರ್ಮಿಯಾಸ್ ಅವರ ಬಾಯಿ ಮುಚ್ಚಿಸುತ್ತಿದ್ದ. "ಗುರುವೂ ಹಂದಿ ತಿಂತಿರ್ಲಿಲ್ಲ ಕಣ್ರಯ್ಯಾ, ಸುಮ್ನಿರಿ."

ಎರಡನೆಯ ವರ್ಷ ಒಂದು ಮಧ್ಯಾಹ್ನ ಹೆರ್ಮಿಯಾಸ್ ಪಪೈರಸ್ ಹಾಳೆ, ಮಸಿ ಹಿಡಿದುಕೊಂಡೇ ಬಂದ. "ಗುರುವಿನ ಕಾಲದ ಜನ ಒಬ್ಬೊಬ್ಬರೇ ಹೋಗ್ತಿದಾರೆ. ನಿಮ್ಮಮ್ಮನ ಕತೆ ಹೇಳು. ಬರ್ದಿಡ್ತೀನಿ."

ಹೋಶಾಯ ಕೈಯ ಮಣ್ಣು ತೊಳೆದು, ತಾಯಿ ಹೇಳುತ್ತಿದ್ದಂತೆಯೇ ಹೇಳಿದ. ಸಭಾಮಂದಿರದ ಬೀಗ, ಬೂದಿಯಡಿಯ ರೊಟ್ಟಿ, ಬಿಸಿಲಿನಲ್ಲಿ ಹೊಡೆಸಿಕೊಂಡ ಹಿರಿಯರು. ಹೇಳುತ್ತ ಹೇಳುತ್ತ, ಆ ಊರಿನ ಮೇಲಿದ್ದ ಕಹಿ ಸ್ವಲ್ಪ ಕರಗಿದಂತಾಯಿತು. ಹೆರ್ಮಿಯಾಸ್ ಬರೆಯುವುದನ್ನು ನಿಲ್ಲಿಸಿ ಅವನ ಕೈ ಹಿಡಿದುಕೊಂಡ. "ಇದು ಕಳೆದುಹೋಗ್ಬಾರ್ದು," ಎಂದ. ಆ ಸಂಜೆ ಹೋಶಾಯ ಹೆಂಡತಿಗೆ, "ನಮ್ಮಮ್ಮ ಇನ್ನು ಸಾಯಲ್ಲ ಕಣೆ," ಎಂದಿದ್ದ.

ಮುಂದಿನ ವರ್ಷ ಯೆಹೂದ್ಯರ ಮೇಲಿನ ತೆರಿಗೆಗಾಗಿ ರೋಮಿನ ಅಧಿಕಾರಿಗಳು ಮನೆಮನೆ ಜಾಲಾಡತೊಡಗಿದರು. ಬೀದಿಯಲ್ಲಿ ಗಂಡಸರ ಬಟ್ಟೆ ಬಿಚ್ಚಿಸಿ ಸುನ್ನತಿಯಾಗಿದೆಯೇ ಎಂದು ನೋಡಿದರು. ಸಭೆಯಲ್ಲಿ ಹೆದರಿಕೆ ಹುಟ್ಟಿತು. ನಾವು ಯೆಹೂದ್ಯರಲ್ಲ, ಬೇರೆಯವರು ಎಂದು ಹೇಗೆ ತೋರಿಸುವುದು? ಉತ್ತರದಿಂದ ಬಂದ ಒಬ್ಬ ಬೋಧಕ ಇದನ್ನೇ ಮತ್ತೆ ಮತ್ತೆ ಹೇಳಿದ.

ಒಂದು ಭಾನುವಾರ ನಸುಕಿನಲ್ಲಿ ಎಲ್ಲರೂ ಸೇರಿದ್ದಾಗ ಹೆರ್ಮಿಯಾಸ್ ಎದ್ದು ಒಂದು ಸುರುಳಿ ಬಿಚ್ಚಿದ. "ದಾನೂನಿನ ಹುಲ್ದಾಳ ಸಾಕ್ಷಿ," ಎಂದು ಗ್ರೀಕಿನಲ್ಲಿ ಓದತೊಡಗಿದ. ಹೋಶಾಯ ಶಿಫ್ರಾಳ ಕೈ ಒತ್ತಿದ. ಮೂರು ವರ್ಷ ಸಂತೆಯಲ್ಲಿ ಮಡಕೆ ಮಾರಿದವನಿಗೆ ಗ್ರೀಕ್ ಅಷ್ಟಿಷ್ಟು ಬರುತ್ತಿತ್ತು. ತಾಯಿಯ ಹೆಸರು ಕೇಳಿದ, ಊರಿನ ಹೆಸರು ಕೇಳಿದ. ಆಮೇಲೆ ಕೇಳಿದ್ದನ್ನು ಅವನ ಕಿವಿಯೇ ನಂಬಲಿಲ್ಲ.

ಅಟ್ಟಿಸಿಕೊಂಡು ಬಂದ ಇಬ್ಬರು ಶಿಷ್ಯರು ದಾನೂನಿನ ಸಭಾಮಂದಿರದ ಬಾಗಿಲು ಬಡಿದರಂತೆ. ಯೆಹೂದ್ಯರು ಬಾಗಿಲು ಹಾಕಿಕೊಂಡರಂತೆ. ಹಿರಿಯರು ಕಲ್ಲೆಸೆದರಂತೆ, ಸೈನಿಕರಿಗೆ ದಾರಿ ತೋರಿಸಿದರಂತೆ. ಹುಲ್ದಾ ಎಂಬ ಒಬ್ಬಳೇ ಹುಡುಗಿ, ತಂದೆಯ ಕಣ್ಣು ತಪ್ಪಿಸಿ, ಒಂದು ತುಂಡು ರೊಟ್ಟಿ ಕೊಟ್ಟಳಂತೆ.

ಹೋಶಾಯ ಎದ್ದು ನಿಂತ.

"ನಮ್ಮಮ್ಮ ಹಾಗೆ ಹೇಳ್ಲಿಲ್ಲ."

ಓದು ನಿಂತಿತು. ಅವನು ತನ್ನ ಮುರುಕು ಗ್ರೀಕಿನಲ್ಲೇ ಮತ್ತೆ ಹೇಳಿದ. "ಸುಳ್ಳು ಅದು. ಬಾಗಿಲು ತೆಗೆದವನು ನಮ್ಮಜ್ಜ. ಹೊಡೆತ ತಿಂದವರು ಆ ಊರಿನ ಹಿರಿಯರು. ಗುರು ಯಾರು ಅಂತ್ಲೂ ಅವ್ರಿಗೆ ಗೊತ್ತಿರ್ಲಿಲ್ಲ. ಆದ್ರೂ ಹಿಡ್ಕೊಡ್ಲಿಲ್ಲ."

ಬೋಧಕ ಮೆಲ್ಲಗೆ ಕೇಳಿದ, "ಅದೇ ಊರು ತಾನೇ ನಿನ್ನ ಹೊರಗೆ ಹಾಕಿದ್ದು?"

"ಹೌದು."

"ಮತ್ತೆ ಅವರ ಪರವಾಗಿ ಯಾಕೆ ಮಾತಾಡ್ತೀಯ?"

"ನನಗೆ ಮಾಡಿದ್ದನ್ನ ಬರ್ಕೊಳ್ಳಿ, ಬೇಡ ಅನ್ನಲ್ಲ. ಮಾಡದೇ ಇದ್ದದ್ದನ್ನ ಬರೀಬೇಡಿ."

ಹಿಂದಿನಿಂದ ಯಾರೋ, "ಇನ್ನೂ ಅವರವನೇ ಇವನು," ಎಂದರು. "ಸಬ್ಬತ್ ಹಿಡಿಯೋನು ಅಲ್ವಾ," ಎಂದು ಇನ್ನೊಬ್ಬ. ಕೀರ್ತನೆ ಕೇಳಿ ಕಣ್ಣೊರೆಸಿಕೊಂಡಿದ್ದ ಹೆಂಗಸು ಮುಖ ಬೇರೆ ಕಡೆ ತಿರುಗಿಸಿದಳು. ಹೋಶಾಯ ಕೂತ. ಹೆರ್ಮಿಯಾಸ್ ಉಳಿದದ್ದನ್ನು ಓದಿ ಮುಗಿಸಿದ.

ಬೆಳಕು ಹರಿದ ಮೇಲೆ ಅವನು ಹಗ್ಗದ ರಾಶಿಯ ಹಿಂದೆ ಹೋಶಾಯನನ್ನು ತಡೆದ.

"ಸಿಟ್ಟಾಗ್ಬೇಡ. ಕಾಲ ಹೇಗಿದೆ ನೋಡು. ಇದನ್ನ ಓದಿದ ಅಧಿಕಾರಿಗೆ ನಾವೇ ಬೇರೆ, ಯೆಹೂದ್ಯರೇ ಬೇರೆ ಅಂತ ಗೊತ್ತಾಗತ್ತೆ. ಎಷ್ಟು ಮನೆ ಉಳಿಯತ್ತೆ ಗೊತ್ತಾ? ನಿಮ್ಮಮ್ಮನನ್ನ ನಾನು ದೊಡ್ಡವಳಾಗಿಯೇ ಬರ್ದಿದೀನಿ."

"ನಮ್ಮಮ್ಮನನ್ನ ದೊಡ್ಡವಳು ಮಾಡೋಕೆ ಅವಳಪ್ಪನನ್ನ ಕೊಂದೆ."

"ಒಂದು ಕತೆ ಹೋಶಾಯ..."

"ನೀನು ನಮ್ಮನೇಲಿ ಕೂತು ಬೇಳೆಗಂಜಿ ತಿಂದು ಕೇಳಿದ ಕತೆ ಅದು." ಹೋಶಾಯನ ದನಿ ಒಡೆಯಿತು. "ಕೈ ಬೇರೆ ಹಿಡ್ಕೊಂಡಿದ್ದೆ."

ಸುರುಳಿಯನ್ನು ಕೊಡು ಎಂದು ಕೇಳಿದ. ಅದಾಗಲೇ ಎರಡು ಪ್ರತಿಯಾಗಿ, ಒಂದು ಹಡಗು ಹತ್ತಿ ಹೋಗಿತ್ತು.

ಗಂಡಹೆಂಡಿರು ಮತ್ತೆ ಬೆಟ್ಟ ಹತ್ತಿದರು. ಊರೊಳಗೆ ಹೋಗಲಿಲ್ಲ. ಊರಿಂದ ಕೂಗಳತೆಯಾಚೆ, ಜೇಡಿಮಣ್ಣಿನ ಹಳ್ಳದ ದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡರು. ಹೋಶಾಯ ಸಬ್ಬತ್ತಿನ ದಿನ ಒಬ್ಬನೇ ಸ್ತುತಿ ಹೇಳುತ್ತಿದ್ದ, ತುಟಿ ಅಲುಗುವಷ್ಟು ಮಾತ್ರ. ಭಾನುವಾರ ನಸುಕಿನಲ್ಲಿ ಹೆಂಡತಿಯೊಡನೆ ರೊಟ್ಟಿ ಮುರಿದು ಗುರುವನ್ನು ನೆನೆಯುತ್ತಿದ್ದ. ಎರಡರಲ್ಲಿ ಒಂದನ್ನಾದರೂ ಬಿಟ್ಟಿದ್ದರೆ ಅವನಿಗೆ ಒಂದು ಊರು ಸಿಗುತ್ತಿತ್ತು, ಬಿಡಲಿಲ್ಲ. ಊರಿನ ಕೆಲವು ಹೆಂಗಸರು ನೀರಿಗೆ ಬಂದ ನೆವದಲ್ಲಿ ಮಡಕೆ ಒಯ್ಯುತ್ತಿದ್ದರು. ಅವರಿಗೆ ಅವನು ಅಕ್ಕೋದ ಸುದ್ದಿ ಹೇಳಲಿಲ್ಲ. ಹೇಳಿಕೊಂಡರೆ, ಒಳಗೆ ಸೇರಿಸಿಕೊಳ್ಳಿ ಎಂದು ಬೇಡಿದ ಹಾಗಾಗುತ್ತದೆಂದು ಅವನ ಹಟ.

ಆರು ವರ್ಷ ಕಳೆಯಿತು. ಶಿಫ್ರಾ ಎದೆಯಲ್ಲಿ ಕಫ ಕಟ್ಟಿ ಚಳಿಗಾಲದುದ್ದಕ್ಕೂ ಮಲಗಿದ್ದಳು. ಬಾದಾಮಿ ಹೂಬಿಡುವ ಹೊತ್ತಿಗೆ ತೀರಿಕೊಂಡಳು. ಹೋಶಾಯ ಸಾವಿನ ಪದ್ಧತಿಯಂತೆ ಅಂಗಿಯ ಎದೆಭಾಗ ಹರಿದುಕೊಂಡ. ಹೆಣವನ್ನು ಒಬ್ಬನೇ ಹೊರುವುದು ಹೇಗೆಂದು ಯೋಚಿಸುತ್ತ ಬಾಗಿಲಲ್ಲಿ ಕೂತಿದ್ದಾಗ, ನೀರಿಗೆ ಬಂದ ಹೆಂಗಸರಿಂದ ಸುದ್ದಿ ತಿಳಿದ ಹಲಫ್ತಾ ಇಳಿದು ಬಂದ. ಗಡ್ಡ ಅಲ್ಲಲ್ಲಿ ನರೆತಿತ್ತು, ಕೈ ಇನ್ನೂ ನೀಲಿಯೇ. ಇಬ್ಬರೂ ಚಟ್ಟ ಹೊತ್ತು ಬೆಟ್ಟದ ಗುಹೆಗೆ ಒಯ್ದರು. ಸಮಾಧಾನ ಹೇಳಲು ಸಾಲಾಗಿ ಹತ್ತು ಜನ ನಿಲ್ಲುವುದು, ಸಾವಿನ ಮನೆಯವನು ಅವರ ಮುಂದೆ ಹಾದುಹೋಗುವುದು ಪದ್ಧತಿ. ಹಲಫ್ತಾ ಒಬ್ಬನೇ ನಿಂತು, ಹೇಳಬೇಕಾದ ಮಾತು ಹೇಳಿದ. ಹೋಶಾಯ ಅವನ ಮುಂದಿನಿಂದ ಹಾದು ಬಂದ.

ಮನೆಯಲ್ಲಿ ನೆಲದ ಮೇಲೆ ಕೂತ ಮೇಲೆ ಹಲಫ್ತಾ ಬಟ್ಟೆ ಮುಚ್ಚಿದ ಬಟ್ಟಲೊಂದನ್ನು ಮುಂದಿಟ್ಟ. ಬೇಯಿಸಿದ ಬೇಳೆ. ಸಾವಿನ ಮನೆಯವರು ಮೊದಲ ತುತ್ತು ತಮ್ಮದನ್ನು ತಿನ್ನುವಂತಿಲ್ಲ, ಬೇರೆಯವರು ತಂದುಕೊಡಬೇಕು. ತಂದುಕೊಡಲು ಬೇರೆ ಯಾರೂ ಇರಲಿಲ್ಲ.

"ಹೋದ ತಿಂಗಳು ನೀನು ಮಣ್ಣಿಗೆ ಹೋಗಿದ್ದಾಗ ಬಂದಿದ್ದೆ," ಎಂದ ಹಲಫ್ತಾ. "ಅಕ್ಕ ಎಲ್ಲ ಹೇಳಿದ್ಲು. ಅಕ್ಕೋದಲ್ಲಿ ನಮ್ಮೂರಿನ ಪರ ಎದ್ದು ನಿಂತ್ಯಂತೆ."

"ನಿಮ್ಮೂರಿನ ಪರ ಅಲ್ಲ. ನಮ್ಮಜ್ಜನ ಪರ."

ಹಲಫ್ತಾ ತಲೆಯಾಡಿಸಿದ. "ಊರಲ್ಲಿ ಹೇಳ್ಲಾ? ಹಿರಿಯರಿಗೆ ತಿಳಿದ್ರೆ..." ಎಂದ.

"ತಿಳಿದ್ರೆ ಏನ್ಮಾಡ್ತಾರೆ? ಸ್ತುತಿಯಿಂದ ಆ ಸಾಲು ತೆಗೀತಾರಾ?"

"ಅದು ನನ್ನ ಕೈಲಿಲ್ಲ."

"ಸಾಲು ಯಾವತ್ತೂ ನಿನ್ನ ಕೈಲಿರ್ಲಿಲ್ಲ ಹಲಫ್ತಾ, ಅದು ನನಗೂ ಗೊತ್ತು. ಅದನ್ನ ಮಾಡಿದವ್ರ ಮೇಲೆ ನಂಗೆ ಸಿಟ್ಟೂ ಇಲ್ಲ. ಅವ್ರು ನನ್ನ ನೋಡೇ ಇರ್ಲಿಲ್ಲ. ಆ ಬುಧವಾರ ಆವಿಗೆ ಹತ್ರ ಬಂದು 'ಹೊಸ ಅಂಗಿ ಹಾಕ್ಕೊಂಡ್ಬಾ' ಅಂದ್ಯಲ್ಲ, ಅದು ನಿನ್ನ ಕೈಲಿತ್ತು."

ಹಲಫ್ತಾ ಅಳತೊಡಗಿದ. ಸದ್ದಿಲ್ಲದ ಅಳು. ಹೋಶಾಯ ಅವನನ್ನು ಸಮಾಧಾನ ಮಾಡಲಿಲ್ಲ. ಬಟ್ಟಲನ್ನು ಹತ್ತಿರ ಎಳೆದುಕೊಂಡು, ಆಶೀರ್ವಚನದ ಮಾತು ಗೊಣಗಿ, ಒಂದು ತುತ್ತು ಬಾಯಿಗಿಟ್ಟ.

"ಶಿಫ್ರಾಳ ತಮ್ಮ ತಂದದ್ದು ಅಂತ ತಿಂತಿದೀನಿ," ಎಂದ. "ನೀನು ತಂದದ್ದು ಅಂತ ಅಲ್ಲ."

ಹಲಫ್ತಾ ಅವನು ತಿಂದು ಮುಗಿಸುವವರೆಗೂ ಕೂತಿದ್ದು, ಖಾಲಿ ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೆಟ್ಟ ಹತ್ತಿದ.